ಮೆಣಸು ಇಳಿದ ದಾರಿಯಲ್ಲಿ ಸೈಕಲ್

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ಒಂದು ಕಾಲಕ್ಕೆ ಹತ್ತಿ ಗಾಡಿಗಳದ್ದೇ ಸಾಲು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಕುಮಟಾ ಬಂದರಿಗೆ ಬರುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದೇ ಹೋದಾಗ ಈ ಪುಟ್ಟ ಊರಿನ ವ್ಯಾಪಾರ ಭಾರೀ ಏರಿತು. ಆಮೇಲೆ ರೈಲು ಬಂತು, ಸರಕು ಗೋವಾದ ಮುರಗಾವಿನ ಕಡೆ ತಿರುಗಿತು. ಕುಮಟಾ ಸುಮ್ಮನಾಯಿತು.

ಈ ಜನವರಿಯಲ್ಲಿ ಅದೇ ಘಟ್ಟವನ್ನು ನಾನೂ ನಮ್ಮ ಭಾವನೂ ಸೈಕಲ್ಲಿನಲ್ಲಿ ಇಳಿದೆವು. ನಮ್ಮದು ಅಡಿಕೆ ತೋಟ, ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮೆಣಸು ಕೊಯ್ಯುವಾಗೆಲ್ಲ ನನಗೆ ಒಂದೇ ಯೋಚನೆ: ಇದಕ್ಕಾಗಿ ಪೋರ್ಚುಗೀಸರು ಅಷ್ಟು ದೂರದಿಂದ ಬಂದರಲ್ವಾ, ನಮ್ಮ ಗುಡ್ಡದಿಂದ ಅವರ ಹಡಗಿನ ತನಕ ಅದು ಹೋಗುತ್ತಿದ್ದದ್ದು ಯಾವ ದಾರಿಯಲ್ಲಿ? ಅದನ್ನು ನೋಡಲೇಬೇಕಿತ್ತು.

ಉತ್ತರ ಮೊದಲ ಮಧ್ಯಾಹ್ನವೇ ಸಿಕ್ಕಿತು. ದೀವಗಿಯಲ್ಲಿ ಹೆದ್ದಾರಿ ಸೇರಿ, ಅಘನಾಶಿನಿ ಸೇತುವೆ ದಾಟಿದರೆ ಮಿರ್ಜಾನ್ ಕೋಟೆ. ಚಿರೆಕಲ್ಲಿನ ಎತ್ತರದ ಗೋಡೆ, ಸುತ್ತ ಕಂದಕ, ಒಳಗೆ ದೊಡ್ಡ ದೊಡ್ಡ ಬಾವಿಗಳು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆ ಇಲ್ಲಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಅಂತ ಕರೆದರು. ಆದರೆ ಕೋಟೆಯ ಮೇಲೆ ಹತ್ತಿ ನೋಡಿದರೆ ಕಡಲು ದೂರವೇ ಉಳಿಯುತ್ತದೆ. ಹತ್ತಿರ ಇರುವುದು ಹೊಳೆ!

ನಾವು ಘಟ್ಟದ ಮೇಲಿನವರು ಬಂದರು ಅಂದರೆ ಕಡಲ ದಂಡೆ ಅಂದುಕೊಂಡಿರುತ್ತೇವೆ. ಈ ಕರಾವಳಿಯ ಹಳೆಯ ಪೇಟೆಗಳು ಹೆಚ್ಚಿನವು ಬೆಳೆದದ್ದು ಹೊಳೆ ಕಡಲು ಸೇರುವ ಅಳಿವೆಯ ಒಳಗೆ, ಹೊಳೆಯ ದಡದಲ್ಲಿ. ಮಳೆಗಾಲದ ಕಡಲಿಗೆ ಎದುರಾಗಿ ಮರದ ಹಡಗು ನಿಲ್ಲುವುದು ಕಷ್ಟ. ಅಳಿವೆಯ ಒಳಗೆ ಬಂದರೆ ನೀರು ಶಾಂತ. ಘಟ್ಟದ ಕಡೆಯಿಂದ ಮೆಣಸು, ಅಕ್ಕಿ ಅದೇ ಹೊಳೆಯಲ್ಲಿ ದೋಣಿ ಹತ್ತಿ ಬರುತ್ತಿದ್ದವು. ಹೊಳೆ ಇದ್ದಲ್ಲಿ ಪೇಟೆ, ಪೇಟೆ ಇದ್ದಲ್ಲಿ ಕೋಟೆ. ಕಾರಿನಲ್ಲಿ ಹೋದರೆ ಸೇತುವೆ ಒಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಸೈಕಲ್ಲಿನಲ್ಲಿ ಪ್ರತಿ ಹೊಳೆಯ ಅಗಲವೂ ಮೈಗೆ ಗೊತ್ತಾಗುತ್ತದೆ.

ಗೋಕರ್ಣದಲ್ಲಿ ಉಳಿದು, ಬೆಳಿಗ್ಗೆ ತದಡಿಗೆ ಹೋಗಿ ಬಾರ್ಜು ಹತ್ತಿದೆವು. ಮೀನು ಬುಟ್ಟಿ, ಬೈಕು, ಶಾಲೆ ಮಕ್ಕಳು, ನಮ್ಮ ಸೈಕಲ್ಲು. ಆಚೆ ದಡ ಅಘನಾಶಿನಿ ಊರು. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತದೆ, ಮಳೆಗಾಲದಲ್ಲಿ ಸಿಹಿನೀರು ಅದನ್ನು ಹೊರಗೆ ನೂಕುತ್ತದೆ. ದಡದ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಇಳಿತ ಇದ್ದಾಗ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಆರಿಸುತ್ತಿದ್ದರು. ಇಂಥ ಅಳಿವೆ ಇನ್ನೊಂದು ಸಿಗುವುದು ಕಷ್ಟ. ಇದನ್ನು ಹೀಗೇ ಬಿಡಬೇಕು ಅಂತ ನನಗೆ ಬಹಳ ಬಲವಾಗಿ ಅನ್ನಿಸಿತು.

ಹೊನ್ನಾವರದಲ್ಲಿ ಶರಾವತಿ. ಪಕ್ಕದಲ್ಲೇ ಕೊಂಕಣ ರೈಲಿನ ಸೇತುವೆ, 2 ಕಿಲೋಮೀಟರಿಗೂ ಉದ್ದ. ಗೇರುಸೊಪ್ಪೆಯ ಮೆಣಸು ದೋಣಿಯಲ್ಲಿ ಬಂದು ಸೇರುತ್ತಿದ್ದ ಊರು ಇದು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಎಂದು ಬರೆದಿದ್ದಾನೆ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಅಂತಲೂ ಹೇಳುತ್ತಾನೆ. ಅರ್ಧ ಲೋಕ ಸುತ್ತಿದವನ ಮಾತು ಅದು! ಬಸ್ ಸ್ಟ್ಯಾಂಡ್ ಹತ್ತಿರ ಬನ್ಸ್ ತಿನ್ನುತ್ತಾ ಭಾವನಿಗೆ ಹೇಳಿದೆ. “ಇದನ್ನ ನಮಗೆ ಶಾಲೇಲಿ ಯಾಕೆ ಹೇಳ್ಲಿಲ್ಲ ಮಾರಾಯಾ?” ಅಂದ.

ಹೊನ್ನಾವರದಿಂದ ದಕ್ಷಿಣಕ್ಕೆ ಮಧ್ಯಾಹ್ನದ ಮೇಲೆ ಗಾಳಿ ಬೆನ್ನಿಗೆ ಬಂತು. ಮುರ್ಡೇಶ್ವರದಲ್ಲಿ ಜನಜಾತ್ರೆ, ನಿಲ್ಲಲಿಲ್ಲ. ನಮಗೆ ಭಟ್ಕಳ ಬೇಕಿತ್ತು.

ಭಟ್ಕಳಕ್ಕೆ ಒಂದು ಇಡೀ ದಿನ ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ. ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಮಳೆ ಜಾರಿಹೋಗಲಿ ಅಂತ ಮಾಡಿದ ಕಲ್ಲು ಚಪ್ಪಡಿಯ ಇಳಿಜಾರು ಮಾಡು, ಗಾಳಿ ಬರಲಿ ಅಂತ ಕಲ್ಲಿನ ಪಟ್ಟಿಗಳ ಗೋಡೆ. ಮರದಲ್ಲಿ ಮಾಡುವ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ ಪುಟ್ಟದು, ಆದರೆ ಹೊರಗೋಡೆಯ ರಾಮಾಯಣದ ಸಾಲುಕೆತ್ತನೆ ನೋಡಿ ಮುಗಿಯುವುದಿಲ್ಲ. ನಾವು ಇದ್ದಷ್ಟು ಹೊತ್ತೂ ಬೇರೆ ಯಾರೂ ಬರಲಿಲ್ಲ. ಅಲ್ಲಿಂದ ಹತ್ತಿರದ ಗಲ್ಲಿಗಳಲ್ಲಿ ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಹಳೆಯ ಮನೆಗಳು, ಕಿವಿಗೆ ನವಾಯತಿ ಮಾತು, ಹೂವಿನ ಅಂಗಡಿಯಲ್ಲಿ ಭಟ್ಕಳ ಮಲ್ಲಿಗೆ. ಈ ಊರಿನ ಬಗ್ಗೆ ಹೊರಗೆ ಕೇಳಿಬರುವ ಮಾತುಗಳೇ ಬೇರೆ. ನಮಗೆ ದಾರಿ ತೋರಿಸಿದ ಅಜ್ಜ ಒಬ್ಬರು ಮನೆಯೊಳಗೆ ಕರೆದು ಶರಬತ್ತು ಕೊಟ್ಟರು, ಸೈಕಲ್ಲು ನೆರಳಿಗೆ ಇಡಿಸಿದರು.

ಮರವಂತೆಯ ಚಂದ ಎಲ್ಲರಿಗೂ ಗೊತ್ತಿದೆ: ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಅಲ್ಲಿ ಮೀನು ಲಾರಿಗಳ ಬಗ್ಗೆ ಎಚ್ಚರ ಇರಲಿ, ರಸ್ತೆಗೆ ನೀರು ಸೋರಿ ಜಾರುತ್ತದೆ.

ಕೊನೆಗೆ ಬಸರೂರು. ಕುಂದಾಪುರದಿಂದ ಒಳಗೆ, ವಾರಾಹಿ ಹೊಳೆಯ ದಡ. ಗೋವಾದ ಪೋರ್ಚುಗೀಸರ ಊಟಕ್ಕೆ ಇಲ್ಲಿನ ಅಕ್ಕಿಯೇ ಬೇಕಿತ್ತು. 1665ರಲ್ಲಿ ಶಿವಾಜಿ ಕಡಲ ದಾರಿಯಲ್ಲಿ ಬಂದು ಲೂಟಿ ಮಾಡುವಷ್ಟು ಸಿರಿವಂತ ಪೇಟೆ. ಈಗ ಮಹಾಲಿಂಗೇಶ್ವರ ದೇವಸ್ಥಾನ, ತೆಂಗಿನ ತೋಟ, ಅಗಲವಾದ ನಿಧಾನ ಹೊಳೆ. ಭಾವ ಹೊಳೆಯನ್ನು ನೋಡಿ, “ಇಲ್ಲಿಗೆ ಹಡಗು ಬರ್ತಿತ್ತಾ?” ಅಂತ ಎರಡೆರಡು ಸಲ ಕೇಳಿದ. ಹೊಳೆ ಹೂಳು ತಂದು ತುಂಬಿಸಿಕೊಂಡಿದ್ದು, ದೊಡ್ಡ ಹಡಗುಗಳ ಕಾಲ ಬಂದದ್ದು ಎಲ್ಲ ಅವನಿಗೆ ವಿವರಿಸಿದೆ.

ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋಗಿ. ಬೆಳಕು ಹರಿಯುವ ಮುಂಚೆ ಹೊರಡಿ, ಉತ್ತರದಿಂದ ದಕ್ಷಿಣಕ್ಕೆ ತುಳಿಯಿರಿ. ಸೇತುವೆ ಕಂಡಲ್ಲೆಲ್ಲ ಹೆದ್ದಾರಿ ಬಿಟ್ಟು ಹೊಳೆಯ ದಡದ ಹಳೆ ರಸ್ತೆ ಕೇಳಿ.