ಟರ್ನರ್ ಕಂಡ ವೆನಿಸ್ ನೋಡಲು ಹೊರಟವರಿಗೆ

ವೆನಿಸ್‌ಗೆ ಹೋಗುವವರಲ್ಲಿ ಅನೇಕರು ಬೆಳಗ್ಗೆ ಹತ್ತರ ಹೊತ್ತಿಗೆ ಬಂದಿಳಿದು, ಸಂತ ಮಾರ್ಕನ ಚೌಕದಲ್ಲಿ ಫೋಟೊ ತೆಗೆಸಿಕೊಂಡು, ಸಂಜೆಯೊಳಗೆ ಹೊರಟುಬಿಡುತ್ತಾರೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ನನ್ನು ಮರುಳು ಮಾಡಿದ ವೆನಿಸ್ ಆ ಹೊತ್ತಿನಲ್ಲಿ ಸಿಗುವುದಿಲ್ಲ. ಅದಕ್ಕೆ ಊರೊಳಗೇ ಒಂದು ರಾತ್ರಿಯಾದರೂ ತಂಗಬೇಕು. ನೀರಿನಾಚೆ ಮುಖ್ಯಭೂಮಿಯಲ್ಲಿರುವ ಮೆಸ್ತ್ರೆಯಲ್ಲಿ ಹೋಟೆಲ್ ಅಗ್ಗ, ನಿಜ. ಆದರೂ ಉಳಿತಾಯವನ್ನು ಬೇರೆ ಕಡೆ ಮಾಡಿ.

ಟರ್ನರ್ ಇಲ್ಲಿಗೆ ಬಂದದ್ದು 1819, 1833 ಮತ್ತು 1840ರಲ್ಲಿ. ಮೂರೂ ಸಲ ಸೇರಿಸಿದರೂ ಇದ್ದದ್ದು ನಾಲ್ಕು ವಾರಕ್ಕಿಂತ ಕಡಿಮೆ. ಅಷ್ಟಕ್ಕೇ 1833ರಿಂದ 1846ರವರೆಗೆ ಲಂಡನ್ನಿನ ರಾಯಲ್ ಅಕಾಡೆಮಿ ಪ್ರದರ್ಶನಗಳಿಗೆ ಅವನ ವೆನಿಸ್ ಚಿತ್ರಗಳು ಬರುತ್ತಲೇ ಇದ್ದವು! ಆಗಿನ್ನೂ ರೈಲು ಸೇತುವೆ ಇರಲಿಲ್ಲ, ಅದು ತೆರೆದದ್ದು 1846ರಲ್ಲಿ. ಅವನು ಬಂದದ್ದು ದೋಣಿಯಲ್ಲೇ. ವಿಮಾನದಲ್ಲಿ ಬರುವವರು ನಿಲ್ದಾಣದಿಂದಲೇ ದೋಣಿ ಹಿಡಿಯಿರಿ. ಬಸ್ಸಿಗಿಂತ ದುಬಾರಿ, ನಿಧಾನ, ಆದರೆ ಊರು ನೀರಿನ ಮೇಲೆ ಮೆಲ್ಲಗೆ ಮೇಲೇಳುವುದು ಕಾಣುತ್ತದೆ.

ಬೆಳಕು ಹರಿಯುವ ಮುನ್ನವೇ ಪುಂತಾ ದೆಲ್ಲಾ ದೊಗಾನಾ ತುದಿಗೆ ಹೋಗಿ. ಹಳೆಯ ಸುಂಕದ ಕಟ್ಟೆ ಅದು. ಒಂದನೇ ನಂಬರಿನ ವಪೊರೆಟ್ಟೊ, ಅಂದರೆ ಊರಿನ ಸಾರ್ವಜನಿಕ ದೋಣಿ, ಹತ್ತಿ ಸಲೂತೆ ನಿಲ್ದಾಣದಲ್ಲಿ ಇಳಿದರೆ ನಾಲ್ಕು ಹೆಜ್ಜೆ. ಎದುರಿಗೆ ಸ್ಯಾನ್ ಜೊರ್ಜೊ ಮಜ್ಜೊರೆ ಚರ್ಚು, ಅದರಾಚೆ ಮೂಡಣ. ಬಿಳಿಯ ಕಲ್ಲಿನ ಆ ಚರ್ಚು ಎದುರು ಬೆಳಕಿಗೆ ನೀಲಿಗಪ್ಪಾಗಿಬಿಡುತ್ತದೆ. ನೀರು ಮತ್ತು ಆಕಾಶದ ನಡುವಿನ ಗೆರೆ ಅಳಿಸಿಹೋಗುತ್ತದೆ. 1819ರ ಜಲವರ್ಣಗಳಲ್ಲಿ ಅವನು ಹಿಡಿದದ್ದು ಇದನ್ನೇ: ತೆಳು ಹಳದಿ, ಅದರ ಮೇಲೆ ನೀಲಿಯ ಆಕೃತಿ, ಹೊಳೆಯುವ ನೀರಿರುವ ಕಡೆ ಹೆಚ್ಚುಕಡಿಮೆ ಬರಿಯ ಕಾಗದ. ಬಣ್ಣ ಇಷ್ಟು ಕಡಿಮೆ ಸಾಕೇ ಎಂಬ ಅನುಮಾನ ಅಲ್ಲಿ ನಿಂತಾಗ ತಾನಾಗಿ ಹೋಗುತ್ತದೆ.

ಕಾಲುವೆಯ ಆಚೆ ದಡದಲ್ಲಿರುವ ಕಾ ಜುಸ್ತಿನಿಯನ್ ಕಟ್ಟಡವನ್ನೂ ಗುರುತಿಟ್ಟುಕೊಳ್ಳಿ. ಇಂದು ಅಲ್ಲಿ ವೆನಿಸ್‌ನ ಹೆಸರಾಂತ ಕಲಾ ಪ್ರದರ್ಶನ ಬಿಯೆನಾಲೆಯ ಕಚೇರಿಯಿದೆ, ಅಂದು ಹೋಟೆಲ್ ಯುರೋಪಾ ಇತ್ತು. 1840ರಲ್ಲಿ ಟರ್ನರ್ ಉಳಿದದ್ದು ಅಲ್ಲೇ.

ಸಂಜೆಗೆ ರೀವಾ ದೆಲ್ಯಿ ಸ್ಕಿಯವೋನಿಯ ದಂಡೆ ಸರಿ. ಸೂರ್ಯ ಸಲೂತೆ ಚರ್ಚಿನ ಗುಮ್ಮಟಗಳ ಹಿಂದೆ ಇಳಿಯುತ್ತಾನೆ. ನಡುವೆ ಬಿಡುವಿದ್ದರೆ ಎರಡನೇ ನಂಬರಿನ ದೋಣಿಯಲ್ಲಿ ಸ್ಯಾನ್ ಜೊರ್ಜೊಗೆ ಹೋಗಿ ಗಂಟೆಗೋಪುರ ಹತ್ತಬಹುದು, ಲಿಫ್ಟ್ ಇದೆ. ದೋಣಿಯ ಬಿಡಿ ಟಿಕೆಟ್ 75 ನಿಮಿಷಕ್ಕೆ ಮುಗಿಯುವುದರಿಂದ ದಿನದ ಪಾಸೇ ಲಾಭ. ದೋಣಿ ಹತ್ತುವ ಮುನ್ನ ಅದನ್ನು ಯಂತ್ರಕ್ಕೆ ತೋರಿಸಲು ಮರೆಯಬೇಡಿ.

ಲಂಡನ್ ಮೇಲೆ ಹೋಗುವವರು ಮೊದಲು ಟರ್ನರ್ ಚಿತ್ರಗಳ ಸಂಗ್ರಹವಿರುವ ಟೇಟ್ ಬ್ರಿಟನ್ ಗ್ಯಾಲರಿಗೆ ಹೋಗಿಬನ್ನಿ. ಜಲವರ್ಣಗಳು ಬೆಳಕಿಗೆ ಮಾಸುವುದರಿಂದ ಗೋಡೆಯ ಮೇಲೆ ಸದಾ ಇರುವುದಿಲ್ಲ. ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡರೆ ಅಲ್ಲಿನ ಚಿತ್ರ ಅಧ್ಯಯನ ಕೊಠಡಿಯಲ್ಲಿ ಹತ್ತಿರದಿಂದ ನೋಡಬಹುದು.