ಮೇಲ್ ಸರ್ವರ್ ಟಿಪ್ಪಣಿ: ಒಂದೇ ಪ್ರೊಸೆಸ್‌ನೊಳಗೆ ಎರಡು ಓಪನ್‌ಎಸ್‌ಎಸ್‌ಎಲ್

ಸ್ವಂತವಾಗಿ ನಡೆಸುತ್ತಿರುವ ಮೇಲ್ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಅನ್ನು ಮುಂದಿನ ಆವೃತ್ತಿಗೆ ಏರಿಸಿದಾಗ ಅದರ ಜೊತೆಗೇ, ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಭದ್ರಪಡಿಸುವ ಟಿಎಲ್‌ಎಸ್‌ಗೆ ಬೇಕಾದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಕೂಡ 1.1.1ರಿಂದ 3.0ಕ್ಕೆ ಬದಲಾಯಿತು. ಸರ್ವರ್ ಮರಳಿ ಚಾಲೂ ಆದ ಮೇಲೆ ಕ್ಯೂನಲ್ಲಿ ಮೊದಲೇ ಇದ್ದ ಮೇಲ್‌ಗಳು ಹೊರಗೆ ಹೋಗುತ್ತಿದ್ದವು. ಆದರೆ ಹೊಸದಾಗಿ ಬರುವ ಯಾವುದನ್ನೂ ಅದು ಸ್ವೀಕರಿಸುತ್ತಿರಲಿಲ್ಲ. ಮೇಲ್ ಸರ್ವರ್ ಪ್ರೋಗ್ರಾಮ್ ಆದ ಪೋಸ್ಟ್‌ಫಿಕ್ಸ್‌ನ ಲಾಗ್‌ನಲ್ಲಿ ಎರಡೇ ಸಾಲುಗಳು ಮತ್ತೆ ಮತ್ತೆ ಬರುತ್ತಿದ್ದವು: ಒಳಬರುವ ಮೇಲ್ ಸ್ವೀಕರಿಸುವ ಎಸ್‌ಎಂಟಿಪಿಡಿ ಪ್ರೊಸೆಸ್ ಸಿಗ್ನಲ್ 11ರಿಂದ (ಮೆಮೊರಿಯನ್ನು ತಪ್ಪಾಗಿ ಮುಟ್ಟಿದ್ದಕ್ಕಾಗಿ) ಸತ್ತಿದೆ ಎಂಬುದೊಂದು, ಕಮಾಂಡ್‌ನ ಆರಂಭವೇ ಸರಿಯಿಲ್ಲವಾದ್ದರಿಂದ ಸೇವೆಯನ್ನು ತಡೆಹಿಡಿಯಲಾಗುತ್ತಿದೆ ಎಂಬುದು ಇನ್ನೊಂದು.

ಈ ಎರಡನೆಯ ಸಾಲು ದಾರಿ ತಪ್ಪಿಸುವಂಥದ್ದು. ತನ್ನ ಮೊದಲ ಸಂಪರ್ಕವನ್ನು ಮುಗಿಸುವ ಮುನ್ನವೇ ಸತ್ತ ಪ್ರೊಸೆಸ್ ಅನ್ನು ಪೋಸ್ಟ್‌ಫಿಕ್ಸ್‌ನ ಮಾಸ್ಟರ್ (ಉಳಿದ ಪ್ರೊಸೆಸ್‌ಗಳನ್ನು ಹುಟ್ಟಿಸುವ ಪ್ರೊಸೆಸ್), ಆರಂಭವೇ ಆಗಲಿಲ್ಲವೆಂದು ಎಣಿಸಿ, 60 ಸೆಕೆಂಡುಗಳ ಕಾಲ ಆ ಸೇವೆಗೆ ಹೊಸ ಪ್ರೊಸೆಸ್ ಕೊಡುವುದಿಲ್ಲ. ಹಾಗಾಗಿ ಲಾಗ್ ಓದಿದವರಿಗೆ ಕಾನ್ಫಿಗರೇಶನ್‌ನಲ್ಲೇ ಏನೋ ತಪ್ಪಿದೆ ಎನಿಸುತ್ತದೆ. ವಾಸ್ತವದಲ್ಲಿ ಪ್ರೊಸೆಸ್ ಸರಿಯಾಗಿಯೇ ಶುರುವಾಗಿ, ಎದುರು ಬದಿಯೊಡನೆ ಸಾಕಷ್ಟು ಮಾತನಾಡಿದ ಮೇಲೆ ಸಾಯುತ್ತಿತ್ತು.

ಮೇಲ್ ಕಳೆದುಹೋಗುವ ಆತಂಕ ಅಷ್ಟಾಗಿ ಇರಲಿಲ್ಲ. ಸಂಪರ್ಕ ಅರ್ಧಕ್ಕೆ ಕಡಿದುಹೋದರೆ ಕಳುಹಿಸುವ ಸರ್ವರ್ ಮೇಲ್ ಅನ್ನು ತನ್ನ ಕ್ಯೂನಲ್ಲೇ ಇಟ್ಟುಕೊಂಡು ಮತ್ತೆ ಪ್ರಯತ್ನಿಸಬೇಕು. ಕೈಬಿಡುವ ಮುನ್ನ ಕನಿಷ್ಠ 4–5 ದಿನ ಕಾಯಬೇಕೆಂದು ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯ ಮಾನದಂಡವೇ ಹೇಳುತ್ತದೆ. ಆದ್ದರಿಂದ ಹಿಂದಿನ ಆವೃತ್ತಿಗೆ ಮರಳುವ ಬದಲು ಮೂಲವನ್ನೇ ಹುಡುಕಲು ನಿರ್ಧರಿಸಿದೆ.

ಮೊದಲ ಕೆಲಸ, ಪ್ರೊಸೆಸ್ ಯಾವ ಹಂತದಲ್ಲಿ ಸಾಯುತ್ತದೆ ಎಂದು ತಿಳಿಯುವುದು. ಮೇಲ್ ಒಳಬರುವ ಪೋರ್ಟ್ 25ಕ್ಕೆ ಕೈಯಿಂದಲೇ ಸಂಪರ್ಕಿಸಿ ಒಂದೊಂದೇ ಕಮಾಂಡ್ ಕೊಟ್ಟು ನೋಡಿದೆ. ಪರಿಚಯದ ಕಮಾಂಡ್ ಆದ ಇಹೆಲೋಗೆ ಉತ್ತರ ಬಂತು, ಸಂಪರ್ಕವನ್ನು ಟಿಎಲ್‌ಎಸ್‌ಗೆ ಬದಲಿಸುವ ಸ್ಟಾರ್ಟ್‌ಟಿಎಲ್‌ಎಸ್ ಯಾವ ತಕರಾರೂ ಇಲ್ಲದೆ ಮುಗಿಯಿತು, ಕಳುಹಿಸುವವರ ವಿಳಾಸವೂ ಅಂಗೀಕಾರವಾಯಿತು. ಆರ್‌ಸಿಪಿಟಿ ಸಾಲಿನಲ್ಲಿ ಸ್ವೀಕರಿಸುವವರ ವಿಳಾಸ ಕೊಟ್ಟ ಕ್ಷಣ ಸಂಪರ್ಕ ಕಡಿಯಿತು. ಅದೇ ಜಾಗದಲ್ಲಿ ನಮ್ಮದಲ್ಲದ ಡೊಮೇನ್‌ನ ವಿಳಾಸ ಕೊಟ್ಟರೆ, ರಿಲೇಗೆ (ಬೇರೆಯವರ ಮೇಲ್ ಮುಂದಕ್ಕೆ ಸಾಗಿಸಲು) ಅನುಮತಿಯಿಲ್ಲವೆಂಬ ನಿರಾಕರಣೆ ಕ್ರಮಬದ್ಧವಾಗಿ ಬರುತ್ತಿತ್ತು. ಅಂದರೆ ಸಮಸ್ಯೆ ಇದ್ದದ್ದು ಹೊರಗಿನವರೊಡನೆ ನಡೆಯುವ ಟಿಎಲ್‌ಎಸ್‌ನಲ್ಲಲ್ಲ, ಸ್ವಂತ ಡೊಮೇನ್‌ನ ಬಳಕೆದಾರರನ್ನು ಡೇಟಾಬೇಸ್‌ನಲ್ಲಿ ಹುಡುಕುವ ಹಂತದಲ್ಲಿ. ಬಳಕೆದಾರರ ಪಟ್ಟಿ ಬೇರೊಂದು ಯಂತ್ರದ ಡೇಟಾಬೇಸ್‌ನಲ್ಲಿದೆ, ಅದಕ್ಕೆ ಹೋಗುವ ಸಂಪರ್ಕವೂ ಟಿಎಲ್‌ಎಸ್ ಮೂಲಕವೇ.

ಆದರೆ ಪೋಸ್ಟ್‌ಫಿಕ್ಸ್‌ನದೇ ಹುಡುಕಾಟದ ಸಾಧನವಾದ ಪೋಸ್ಟ್‌ಮ್ಯಾಪ್ ಕಮಾಂಡ್‌ನಿಂದ ಅದೇ ಟೇಬಲ್‌ನಲ್ಲಿ ಅದೇ ವಿಳಾಸವನ್ನು ಹುಡುಕಿದರೆ ಸರಿಯಾದ ಉತ್ತರ ತಕ್ಷಣ ಬರುತ್ತಿತ್ತು. ಕಾನ್ಫಿಗರೇಶನ್ ಫೈಲ್ ಅದೇ, ಪ್ಲಗಿನ್ ಅದೇ, ಡೇಟಾಬೇಸ್ ಕ್ಲೈಂಟ್ ಲೈಬ್ರರಿಯೂ ಅದೇ. ಆದರೂ ಒಂದು ಪ್ರೋಗ್ರಾಮ್ ಉತ್ತರ ಕೊಡುತ್ತದೆ, ಇನ್ನೊಂದು ಸಾಯುತ್ತದೆ. ಈ ಇಡೀ ಪ್ರಕರಣದಲ್ಲಿ ಹೆಚ್ಚು ಸಮಯ ತಿಂದದ್ದು ಇದೊಂದೇ ಒಗಟು.

ಪ್ರೋಗ್ರಾಮ್‌ಗೆ ಯಾವ ಲೈಬ್ರರಿಗಳು ಬೇಕೆಂದು ತೋರಿಸುವ ಎಲ್‌ಡಿಡಿ ಕಮಾಂಡ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಎಸ್‌ಎಂಟಿಪಿಡಿಗೆ ಓಪನ್‌ಎಸ್‌ಎಸ್‌ಎಲ್ 3ರ ಲೈಬ್ರರಿ ಮಾತ್ರ ಬೇಕೆಂದು ಅದು ತೋರಿಸಿತು, ಅದು ಸರಿಯೂ ಹೌದು. ಆದರೆ ಲಿಂಕ್ ಮಾಡುವಾಗ ನಮೂದಾದ ಲೈಬ್ರರಿಗಳನ್ನಷ್ಟೇ ಎಲ್‌ಡಿಡಿ ಬಲ್ಲದು. ಪೋಸ್ಟ್‌ಫಿಕ್ಸ್ 3.0ರಿಂದ ಈಚೆಗೆ ಡೇಟಾಬೇಸ್ ಬೆಂಬಲವನ್ನು ಪ್ರತ್ಯೇಕ ಪ್ಲಗಿನ್ ಆಗಿ ಇಡಬಹುದು, ಅದು ಪ್ರೋಗ್ರಾಮ್ ಓಡತೊಡಗಿದ ಮೇಲೆ ಡಿಎಲ್‌ಓಪನ್ ಎಂಬ ಕರೆಯ ಮೂಲಕ ಒಳಗೆ ಬರುತ್ತದೆ. ಅದು ತನ್ನ ಹಿಂದೆ ಯಾರನ್ನು ಕರೆತರುತ್ತದೆ ಎಂಬುದು ಓಡುತ್ತಿರುವ ಪ್ರೊಸೆಸ್‌ನ ಮೆಮೊರಿಯಲ್ಲಿ ಮಾತ್ರ ಕಾಣಸಿಗುತ್ತದೆ. ಇಹೆಲೋ ಕಳುಹಿಸಿ ಸುಮ್ಮನಿದ್ದರೆ ಎಸ್‌ಎಂಟಿಪಿಡಿ ಸಾಮಾನ್ಯವಾಗಿ 300 ಸೆಕೆಂಡುಗಳವರೆಗೆ ಮುಂದಿನ ಕಮಾಂಡ್‌ಗಾಗಿ ಕಾಯುವುದರಿಂದ, ಆ ಬಿಡುವಿನಲ್ಲಿ ಇನ್ನೊಂದು ಟರ್ಮಿನಲ್‌ನಿಂದ ರೂಟ್ ಆಗಿ ಅದರ ಪ್ರಾಕ್ ಡೈರೆಕ್ಟರಿಯ ಮ್ಯಾಪ್ಸ್ ಫೈಲ್ (ಮೆಮೊರಿಗೆ ಬಂದಿರುವ ಫೈಲ್‌ಗಳ ಪಟ್ಟಿ) ಓದಿದೆ.

ಅಲ್ಲಿ ಓಪನ್‌ಎಸ್‌ಎಸ್‌ಎಲ್ 3ರ ಎರಡು ಫೈಲ್‌ಗಳ ಕೆಳಗೆ ಡೇಟಾಬೇಸ್ ಕ್ಲೈಂಟ್ ಲೈಬ್ರರಿ ಇತ್ತು. ಆದರೆ ಸಿಸ್ಟಮ್‌ನ ಪ್ಯಾಕೇಜ್‌ನಿಂದ ಬಂದದ್ದಲ್ಲ, ಯುಎಸ್‌ಆರ್ ಲೋಕಲ್ ಲಿಬ್ ಡೈರೆಕ್ಟರಿಯಲ್ಲಿದ್ದದ್ದು. ವರದಿ ತಯಾರಿಸುವ ಒಂದು ಸಾಧನದ ಇನ್‌ಸ್ಟಾಲರ್ ಅದನ್ನು ಬಹಳ ಹಿಂದೆ ಅಲ್ಲಿ ಇಟ್ಟಿತ್ತು. ಎರಡರ ಹೆಸರೂ ಒಂದೇ ಆಗಿದ್ದು, ಈ ಯಂತ್ರದಲ್ಲಿ ಲೋಕಲ್ ಡೈರೆಕ್ಟರಿಯೇ ಹುಡುಕಾಟದಲ್ಲಿ ಮೊದಲು ಬರುವುದರಿಂದ ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್ ಅದನ್ನೇ ಆರಿಸುತ್ತಿತ್ತು. ಸ್ಟ್ರಿಂಗ್ಸ್ ಕಮಾಂಡ್‌ನಿಂದ ಅದರ ಒಳಗೆ ಇಣುಕಿದರೆ ಓಪನ್‌ಎಸ್‌ಎಸ್‌ಎಲ್ 1.1.1 ಎಂಬ ಬರಹ ಕಾಣಿಸಿತು. ಹಳೆಯ ಓಪನ್‌ಎಸ್‌ಎಸ್‌ಎಲ್ ಅನ್ನು ಅದರೊಳಗೆ ಸ್ಟ್ಯಾಟಿಕ್ ಆಗಿ (ಅದೇ ಫೈಲ್‌ನ ಭಾಗವಾಗಿ) ಸೇರಿಸಿ ಕಟ್ಟಲಾಗಿತ್ತು, ಮಾತ್ರವಲ್ಲ, ಅದರ ಫಂಕ್ಷನ್‌ಗಳ ಹೆಸರುಗಳನ್ನು ಮರೆಮಾಡದೆ ಹೊರಗೆ ಬಿಡಲಾಗಿತ್ತು.

ಕ್ರ್ಯಾಶ್‌ನ ನಿಖರ ಜಾಗಕ್ಕೆ ಕೋರ್ ಫೈಲ್ (ಪ್ರೊಸೆಸ್ ಸತ್ತ ಕ್ಷಣದ ಮೆಮೊರಿಯ ಪ್ರತಿ) ಬೇಕಿತ್ತು. ಎಸ್‌ಎಂಟಿಪಿಡಿ ರೂಟ್ ಆಗಿ ಹುಟ್ಟಿ ಆಮೇಲೆ ಸಾಮಾನ್ಯ ಬಳಕೆದಾರನಾಗಿ ಬದಲಾಗುವ ಕಾರಣ ಲಿನಕ್ಸ್ ಕರ್ನೆಲ್ ಅದಕ್ಕೆ ಸುಮ್ಮನೆ ಕೋರ್ ಬರೆಯುವುದಿಲ್ಲ. ಇದನ್ನು ನಿಯಂತ್ರಿಸುವ ಕರ್ನೆಲ್‌ನ ಸೂಯಿಡ್ ಡಂಪಬಲ್ ಮೌಲ್ಯವನ್ನು ತಾತ್ಕಾಲಿಕವಾಗಿ 2ಕ್ಕೆ ಇಡಬೇಕಾಯಿತು. ಕೋರ್ ಅನ್ನು ಡೀಬಗ್ಗರ್ ಆದ ಜಿಡಿಬಿಯಲ್ಲಿ ತೆರೆದಾಗ ಸ್ಟ್ಯಾಕ್‌ನ (ಫಂಕ್ಷನ್ ಕರೆಗಳ ಸಾಲಿನ) ತುದಿಯಲ್ಲಿದ್ದದ್ದು ಎಸ್‌ಎಸ್‌ಎಲ್ ಗೆಟ್ ಪಿಯರ್ ಸರ್ಟಿಫಿಕೇಟ್, ಅಂದರೆ ಎದುರು ಬದಿಯ ಸರ್ಟಿಫಿಕೇಟ್ ಕೇಳಿ ಪಡೆಯುವ ಫಂಕ್ಷನ್.

ಒಗಟು ಬಿಡಿಸಿಕೊಂಡದ್ದು ಇಲ್ಲಿ. ಹೆಸರಿನೊಂದಿಗೆ ಆವೃತ್ತಿಯ ಗುರುತು ಇದ್ದಿದ್ದರೆ ಎರಡು ಓಪನ್‌ಎಸ್‌ಎಸ್‌ಎಲ್‌ಗಳು ಒಂದೇ ಪ್ರೊಸೆಸ್‌ನಲ್ಲಿ ಒಂದನ್ನೊಂದು ಮುಟ್ಟದೆ ಇರಬಹುದಿತ್ತು, ಆದರೆ ಸ್ಟ್ಯಾಟಿಕ್ ಆಗಿ ಸೇರಿಸಿದ ಪ್ರತಿಯಲ್ಲಿ ಆ ಗುರುತು ಇರಲಿಲ್ಲ. ಗುರುತಿಲ್ಲದ ಹೆಸರನ್ನು ಲೋಡರ್ ಮೊದಲು ಮುಖ್ಯ ಪ್ರೋಗ್ರಾಮ್ ತಂದ ಲೈಬ್ರರಿಗಳಲ್ಲಿ ಹುಡುಕುತ್ತದೆ, ಹೀಗಾಗಿ ಕ್ಲೈಂಟ್ ಲೈಬ್ರರಿ ಸಂಪರ್ಕ ಸೃಷ್ಟಿಸಲು ಮಾಡಿದ ಕರೆಗಳೆಲ್ಲ ಓಪನ್‌ಎಸ್‌ಎಸ್‌ಎಲ್ 3ಕ್ಕೆ ಹೋದವು. ಆದರೆ ಸರ್ಟಿಫಿಕೇಟ್ ಕೇಳುವ ಈ ಫಂಕ್ಷನ್‌ನ ಹೆಸರನ್ನು 3.0ರಲ್ಲಿ ಬದಲಾಯಿಸಲಾಗಿದೆ, ಹಳೆಯ ಹೆಸರು ಹೆಡರ್ ಫೈಲ್‌ನಲ್ಲಿ ಮ್ಯಾಕ್ರೋ ಆಗಿ (ಕಂಪೈಲ್ ಮಾಡುವಾಗ ಹೊಸ ಹೆಸರಿಗೆ ಬದಲಾಗುವ ಅಡ್ಡಹೆಸರಾಗಿ) ಉಳಿದಿದೆಯೇ ಹೊರತು ಲೈಬ್ರರಿಯಲ್ಲಿ ಇಲ್ಲ. ಅಲ್ಲಿ ಸಿಗದ ಕಾರಣ ಲೋಡರ್ ಕ್ಲೈಂಟ್ ಲೈಬ್ರರಿಯೊಳಗಿನ 1.1.1ರ ಫಂಕ್ಷನ್ ಅನ್ನೇ ಕೊಟ್ಟಿತು, ಅದು ಆವೃತ್ತಿ 3 ಕಟ್ಟಿದ ಸ್ಟ್ರಕ್ಚರ್ ಅನ್ನು ತನ್ನದೇ ಲೆಕ್ಕದಲ್ಲಿ ಓದಲು ಹೋಯಿತು. ಒಂದು ಮನೆಯ ನಕ್ಷೆ ಹಿಡಿದು ಇನ್ನೊಂದು ಮನೆಯಲ್ಲಿ ಕೋಣೆ ಹುಡುಕಿದಂತೆ. ಪಾಯಿಂಟರ್ (ಮೆಮೊರಿಯ ವಿಳಾಸ) ಇರಬೇಕಾದಲ್ಲಿ ಬೇರೇನೋ ಇತ್ತು, ಪ್ರೊಸೆಸ್ ಸತ್ತಿತು.

ಪೋಸ್ಟ್‌ಮ್ಯಾಪ್ ಏಕೆ ಬದುಕಿತು ಎಂಬುದೂ ಇದರಿಂದಲೇ ಸ್ಪಷ್ಟ. ಈ ಸರ್ವರ್‌ನಲ್ಲಿ ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಲಿಂಕ್ ಆಗಿಲ್ಲ, ಹಾಗಾಗಿ ಕ್ಲೈಂಟ್ ಲೈಬ್ರರಿಯ ಕರೆಗಳೆಲ್ಲ ಅದರದೇ 1.1.1ಕ್ಕೆ ಹೋಗಿ ಕೆಲಸ ಸುಸೂತ್ರವಾಗುತ್ತದೆ. ಅಪ್‌ಗ್ರೇಡ್‌ಗೆ ಮುಂಚೆ ಎಸ್‌ಎಂಟಿಪಿಡಿಯಲ್ಲೂ ಎರಡು ಪ್ರತಿಗಳು ಬೆರೆಯುತ್ತಲೇ ಇದ್ದಿರಬೇಕು, ಎರಡೂ 1.1.1 ಆಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಊಹೆಯನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿತ್ತು. ಪೋಸ್ಟ್‌ಫಿಕ್ಸ್‌ನಲ್ಲಿ ಟೇಬಲ್‌ನ ಹೆಸರಿನ ಮುಂದೆ ಪ್ರಾಕ್ಸಿ ಎಂದು ಸೇರಿಸಿದರೆ ಹುಡುಕಾಟವನ್ನು ಎಸ್‌ಎಂಟಿಪಿಡಿಯ ಬದಲು ಪ್ರಾಕ್ಸಿಮ್ಯಾಪ್ ಎಂಬ ಬೇರೆ ಪ್ರೊಸೆಸ್ ಮಾಡುತ್ತದೆ. ಇಲ್ಲಿ ಅದಕ್ಕೂ ಓಪನ್‌ಎಸ್‌ಎಸ್‌ಎಲ್ ಲಿಂಕ್ ಆಗಿಲ್ಲ. ಸೇರಿಸಿ ಮರುಪ್ರಾರಂಭಿಸಿದ ಕೂಡಲೇ ಕ್ರ್ಯಾಶ್ ನಿಂತಿತು, ಹೊರಗೆ ಕಾಯುತ್ತಿದ್ದ ಮೇಲ್‌ಗಳು ಒಂದೊಂದಾಗಿ ಬರತೊಡಗಿದವು. ಡೇಟಾಬೇಸ್‌ಗೆ ಹೋಗುವ ಸಂಪರ್ಕಗಳ ಸಂಖ್ಯೆಯೂ ಇದರಿಂದ ಕಡಿಮೆಯಾಗುವ ಕಾರಣ ಈ ಬದಲಾವಣೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಆದರೆ ಇದು ಪರಿಹಾರವಲ್ಲ, ಎರಡು ಪ್ರತಿಗಳು ಎದುರಾಗದಂತೆ ಮಾಡಿದ್ದಷ್ಟೇ. ಆ ಲೈಬ್ರರಿಯನ್ನು ಲೋಕಲ್ ಡೈರೆಕ್ಟರಿಯಿಂದ ತೆಗೆದು ವರದಿ ಸಾಧನದ್ದೇ ಆದ ಫೋಲ್ಡರ್‌ಗೆ ಸಾಗಿಸಿ, ಪ್ಯಾಚ್‌ಎಲ್ಫ್‌ನಿಂದ ಸಾಧನದ ಆರ್‌ಪಾತ್ ಅನ್ನು (ಅದು ಲೈಬ್ರರಿ ಹುಡುಕುವ ದಾರಿಯನ್ನು) ಅಲ್ಲಿಗೆ ತಿರುಗಿಸಿ, ಲೋಡರ್‌ನ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಓಡಿಸಿದೆ. ನಂತರ ಪರೀಕ್ಷೆಗಾಗಿ ಪ್ರಾಕ್ಸಿ ಪದವನ್ನು ಕೆಲಕಾಲ ತೆಗೆದು ನೋಡಿದೆ: ಮ್ಯಾಪ್ಸ್ ಫೈಲ್‌ನಲ್ಲಿ ಸಿಸ್ಟಮ್‌ನ ಕ್ಲೈಂಟ್ ಲೈಬ್ರರಿ ಮಾತ್ರವಿತ್ತು, ಆರ್‌ಸಿಪಿಟಿಗೆ 250 (ಅಂಗೀಕಾರ) ಉತ್ತರ ಬಂತು.

ಬಾಕಿ ಇರುವುದು ವರದಿ ಸಾಧನ. 1.1.1ಕ್ಕೆ ಸಾರ್ವಜನಿಕ ಭದ್ರತಾ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿರುವುದರಿಂದ, ಅದನ್ನು ಒಳಗಿಟ್ಟುಕೊಂಡ ಪ್ರೋಗ್ರಾಮ್ ಮೇಲ್ ಸರ್ವರ್‌ನ ಮೇಲೆ ಓಡುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಬೇರೊಂದು ಕಂಟೇನರ್‌ಗೆ ಸಾಗಿಸುವ ಕೆಲಸ ಆರಂಭವಾಗಿದೆ. ಡೇಟಾಬೇಸ್‌ನಲ್ಲಿ ಅದಕ್ಕೆ ಓದುವ ಅನುಮತಿ ಮಾತ್ರ ಇರುವ ಹೊಸ ಖಾತೆ ಸಿದ್ಧವಾಗಿದೆ.