ಲೇಕ್ ಪೊವೆಲ್ ದಂಡೆಯಲ್ಲಿ ಆರ್‌ವಿ ವಾಸ: ಲಾಸ್ ವೇಗಸ್‌ನಿಂದ ಹೊರಡುವವರಿಗೆ

ಅಮೆರಿಕದಲ್ಲಿರುವ ನಮ್ಮವರು ಆರ್‌ವಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿ) ಪ್ರವಾಸ ಹಾಕಿಕೊಳ್ಳುವುದು ಹೆಚ್ಚಾಗಿ ಜೂನ್, ಜುಲೈನಲ್ಲಿ. ಮಕ್ಕಳಿಗೆ ಶಾಲೆ ಇರುವುದಿಲ್ಲ, ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಆದರೆ ಅರಿಜೋನಾ–ಯೂಟಾ ಗಡಿಯ ಲೇಕ್ ಪೊವೆಲ್‌ಗೆ ಆರ್‌ವಿಯಲ್ಲಿ ಹೋಗಲು ಜುಲೈ ಒಳ್ಳೆಯ ತಿಂಗಳಲ್ಲ. ಅಲ್ಲಿ ನೆರಳು ಕಡಿಮೆ. ಮಧ್ಯಾಹ್ನದ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಆರ್‌ವಿ ಚಾವಣಿಯ ಎಸಿ ಹೊರಗಿಗಿಂತ ಸುಮಾರು ಇಪ್ಪತ್ತು ಡಿಗ್ರಿ ಇಳಿಸಿದರೆ ಅದೇ ಹೆಚ್ಚು. ಏಪ್ರಿಲ್ ಕೊನೆಯಿಂದ ಮೇ ತನಕ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಹೋಗುವುದು ಸರಿ. ಎರಡರಲ್ಲಿ ನಮ್ಮ ಒಲವು ಸೆಪ್ಟೆಂಬರ್ ಕಡೆಗೆ. ಮೇನಲ್ಲಿ ಗಾಳಿ ಜೋರು, ನೀರೂ ತಣ್ಣಗೆ. ಬೇಸಿಗೆಯಿಡೀ ಕಾದ ನೀರು ಸೆಪ್ಟೆಂಬರ್‌ನಲ್ಲಿ ಇನ್ನೂ ಬೆಚ್ಚಗಿರುತ್ತದೆ. ಜುಲೈನಲ್ಲೇ ಹೋಗಬೇಕಾದರೆ ವಿದ್ಯುತ್ ಸಂಪರ್ಕವಿರುವ ಜಾಗ ಸಿಕ್ಕರೆ ಮಾತ್ರ ಹೋಗಿ.

ಹೆಸರು ಲೇಕ್ ಎಂದಿದ್ದರೂ ಇದು ಕೊಲರಾಡೋ ನದಿಗೆ ಕಟ್ಟಿದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಹಿನ್ನೀರು. 1963ರಲ್ಲಿ ನೀರು ನಿಲ್ಲಿಸಲು ಶುರುಮಾಡಿ, ಪೂರ್ತಿ ತುಂಬಿದ್ದು 1980ರಲ್ಲಿ. ಸುತ್ತಲಿನ ಪ್ರದೇಶ 1972ರಿಂದ ಗ್ಲೆನ್ ಕ್ಯಾನಿಯನ್ ನ್ಯಾಷನಲ್ ರಿಕ್ರಿಯೇಷನ್ ಏರಿಯಾ. ಜಲಾಶಯವಾದ್ದರಿಂದ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಹಳೆಯ ಫೋಟೋದಲ್ಲಿ ನೀರಿನ ನಡುವೆ ನಿಂತಿರುವ ಲೋನ್ ರಾಕ್ ಬಂಡೆ ನೀವು ಹೋದಾಗ ಒಣನೆಲದ ಮೇಲೆ ನಿಂತಿರಬಹುದು. ದೋಣಿ ಇಳಿಸುವ ರ‍್ಯಾಂಪ್ ಮುಚ್ಚಿರಬಹುದು. ಹೊರಡುವ ವಾರ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪುಟದಲ್ಲಿ ಮಟ್ಟ ನೋಡಿಕೊಳ್ಳಿ. ಪ್ರವೇಶ ಶುಲ್ಕ ಒಂದು ಗಾಡಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ತಂಗುವ ಜಾಗದ ಬಾಡಿಗೆ ಬೇರೆ.

ತಂಗಲು ಮುಖ್ಯವಾಗಿ ಎರಡು ಜಾಗಗಳಿವೆ. ಪೇಜ್ ಪಟ್ಟಣದ ಹತ್ತಿರದ ವಾಹ್ವೀಪ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಫುಲ್ ಹುಕಪ್ ಸಿಗುತ್ತದೆ, ಅಂದರೆ ವಿದ್ಯುತ್, ನೀರು, ಒಳಚರಂಡಿ ಮೂರೂ ನಿಮ್ಮ ಗಾಡಿಯ ಪಕ್ಕಕ್ಕೇ. ಇನ್ನೊಂದು ಯೂಟಾ ಗಡಿಯೊಳಗಿನ ಲೋನ್ ರಾಕ್ ಬೀಚ್: ಗುರುತು ಹಾಕಿದ ಸೈಟುಗಳಿಲ್ಲದ ಮರಳಿನ ದಂಡೆ, ನೀರಿನ ಅಂಚಿನಲ್ಲೇ ಬೀಡು, ಬೆಲೆಯೂ ಅಗ್ಗ. ಚಿತ್ರಗಳಲ್ಲಿ ಚೆಂದ ಕಾಣುವುದು ಇದೇ. ಆದರೆ ಮೊದಲ ಸಲ ಆರ್‌ವಿ ಓಡಿಸುವವರು, ಹಿರಿಯರನ್ನು ಕರೆದೊಯ್ಯುವವರು ವಾಹ್ವೀಪನ್ನೇ ಹಿಡಿಯಿರಿ. ಲೋನ್ ರಾಕ್‌ನ ಮರಳು ಮೇಲೆ ಗಟ್ಟಿಯಾಗಿ ಕಂಡರೂ ನೀರಿನ ಕಡೆಗೆ ಹೋದಂತೆ ಸಡಿಲ. ಆರು ಟನ್ ತೂಗುವ, ಹಿಂದಿನ ಚಕ್ರಕ್ಕೆ ಮಾತ್ರ ಬಲವಿರುವ ಗಾಡಿ ಅಲ್ಲಿ ಹೂತರೆ ಸಾಮಾನ್ಯ ರೋಡ್‌ಸೈಡ್ ಸೇವೆಯವರು ಬರುವುದಿಲ್ಲ. ಎಳೆದು ತೆಗೆಯುವವರು ಕೇಳುವ ದುಡ್ಡು ಇಡೀ ಪ್ರವಾಸದ ಲೆಕ್ಕವನ್ನೇ ಕೆಡಿಸುತ್ತದೆ. ಡಾಂಬರು ಬಿಟ್ಟು ಇಳಿಸಬಾರದು ಎಂಬ ಷರತ್ತು ಬಾಡಿಗೆ ಕರಾರಿನಲ್ಲಿದೆಯೇ ಎಂದು ಓದಿಕೊಳ್ಳಿ, ಬಹಳಷ್ಟು ಕಂಪನಿಗಳು ಅದನ್ನು ಬರೆದಿರುತ್ತವೆ. ಹೋಗಲೇಬೇಕೆಂದರೆ ಇಳಿದು ನಡೆದು ನೆಲ ನೋಡಿ, ಬೇರೆ ದೊಡ್ಡ ಗಾಡಿಗಳು ನಿಂತಿರುವ ಗಟ್ಟಿ ನೆಲದಲ್ಲೇ ನಿಲ್ಲಿಸಿ.

ಬಾಡಿಗೆಗೆ 25ರಿಂದ 28 ಅಡಿಯ ಕ್ಲಾಸ್ ಸಿ ಗಾಡಿ (ವ್ಯಾನ್ ಅಥವಾ ಟ್ರಕ್ಕಿನ ಮುಂಭಾಗದ ಹಿಂದೆ ಮನೆ ಕಟ್ಟಿದ ನಡುಗಾತ್ರದ ಆರ್‌ವಿ) ನಾಲ್ಕೈದು ಜನಕ್ಕೆ ಸಾಕು. ಸಾಮಾನ್ಯ ಕಾರಿನ ಲೈಸೆನ್ಸ್ ಸಾಕಾಗುತ್ತದೆ. ದಿನದ ಬಾಡಿಗೆ ನೋಡಿ ಒಪ್ಪಿಕೊಳ್ಳಬೇಡಿ. ಮೈಲಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಹಾಸಿಗೆ–ಪಾತ್ರೆಗೆ ಇಷ್ಟು ಎಂದು ಸೇರಿಕೊಳ್ಳುತ್ತಾ ಹೋಗುತ್ತದೆ. ಪೆಟ್ರೋಲ್ ಗ್ಯಾಲನ್‌ಗೆ ಎಂಟರಿಂದ ಹತ್ತು ಮೈಲಿ ಎಂದು ಇಟ್ಟುಕೊಳ್ಳಿ. ಕ್ರೆಡಿಟ್ ಕಾರ್ಡ್‌ನ ಬಾಡಿಗೆ ಕಾರು ವಿಮೆ ಸಾಮಾನ್ಯವಾಗಿ ಆರ್‌ವಿಗೆ ನಡೆಯುವುದಿಲ್ಲ, ನಿಮ್ಮ ಕಾರಿನ ವಿಮೆಯವರನ್ನೂ ಮೊದಲೇ ಕೇಳಿ. ಮಕ್ಕಳ ಕಾರ್ ಸೀಟ್ ಮುಂದಕ್ಕೆ ಮುಖಮಾಡಿದ, ಬೆಲ್ಟ್ ಇರುವ ಆಸನದಲ್ಲೇ ಕೂರಬೇಕು. ಪಕ್ಕಕ್ಕೆ ಮುಖಮಾಡಿದ ಸೋಫಾದಲ್ಲಿ ಕಟ್ಟಬಾರದು, ಎಷ್ಟು ಗಟ್ಟಿಯಾಗಿ ಕಂಡರೂ.

ವೇಗಸ್‌ನಿಂದ ಪೇಜ್‌ಗೆ ಸುಮಾರು 280 ಮೈಲಿ. ಕಾರಿಗೆ ನಾಲ್ಕೂವರೆ ಗಂಟೆಯಾದರೆ ಆರ್‌ವಿಗೆ ಆರು ಗಂಟೆ ಇಟ್ಟುಕೊಳ್ಳಿ. ಫೋನಿನ ಮ್ಯಾಪ್ ಜಾಯನ್ ಪಾರ್ಕ್ ಒಳಗಿನ ಹೆದ್ದಾರಿ 9 ತೋರಿಸಿದರೆ ಕೇಳಬೇಡಿ. ಅಲ್ಲಿ 1930ರಲ್ಲಿ ತೆರೆದ ಸುರಂಗ ಈ ಕಾಲದ ಆರ್‌ವಿಗಳಿಗಾಗಿ ಕೊರೆದದ್ದಲ್ಲ. ದೊಡ್ಡ ಗಾಡಿಗಳಿಗೆ ಅಲ್ಲಿರುವ ಮಿತಿ ಎತ್ತರಕ್ಕೆ 11 ಅಡಿ 4 ಇಂಚು, ಅಗಲಕ್ಕೆ 7 ಅಡಿ 10 ಇಂಚು. ಬಾಡಿಗೆಯ ಕ್ಲಾಸ್ ಸಿ ಅಗಲದಲ್ಲೇ ಅದನ್ನು ಮೀರುತ್ತದೆ. ಹೆದ್ದಾರಿ 15ರಲ್ಲಿ ಸೇಂಟ್ ಜಾರ್ಜ್ ದಾಟಿ, ಹರಿಕೇನ್ ಊರಿನಿಂದ ಯೂಟಾ 59, ಮುಂದೆ ಅರಿಜೋನಾ 389 ಹಿಡಿದು ಫ್ರೆಡೋನಿಯಾ, ಕನಾಬ್ ಮೇಲೆ ಯುಎಸ್ 89ರಲ್ಲಿ ಪೇಜ್ ಸೇರಿ. ಹರಿಕೇನ್ ಬಿಟ್ಟ ಕೂಡಲೇ ಕಡಿದಾದ ಏರು. ನಿಧಾನವಾಗಿ ಹೋಗಿ, ಹಿಂದಿನವರಿಗೆ ದಾರಿ ಬಿಡಿ. ಕನಾಬ್‌ನಲ್ಲಿ ಪೆಟ್ರೋಲ್ ತುಂಬಿಸಿ. ಅಲ್ಲಿಂದಾಚೆ ಪೇಜ್ ತನಕ ಎಪ್ಪತ್ತಕ್ಕೂ ಹೆಚ್ಚು ಮೈಲಿ ಹೆಚ್ಚುಕಡಿಮೆ ಖಾಲಿ. ಅಕ್ಕಿ, ಬೇಳೆ, ಸಾಂಬಾರು ಪುಡಿ ವೇಗಸ್‌ನಲ್ಲೇ ಕೊಳ್ಳಿ. ಹಾಲು, ಮೊಸರು, ತರಕಾರಿ ಪೇಜ್‌ನಲ್ಲೂ ಸಿಗುತ್ತವೆ. ಕತ್ತಲಾಗುವ ಮುನ್ನ ತಲುಪುವಂತೆ ಹೊರಡಿ. ಕತ್ತಲಲ್ಲಿ ರಿವರ್ಸ್ ಹಾಕುವಾಗ ಗಾಡಿಯ ಹಿಂಭಾಗ ಬೀಸಿ ಪಕ್ಕದ ಕಂಬಕ್ಕೋ ಪಿಕ್ನಿಕ್ ಮೇಜಿಗೋ ತಾಗುತ್ತದೆ. ಒಬ್ಬರು ಇಳಿದು, ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುವ ಕಡೆ ನಿಂತು ದಾರಿ ತೋರಿಸಲೇಬೇಕು.

ಸಮಯದ ವಿಷಯ ಬಹಳ ಜನರನ್ನು ಸಿಕ್ಕಿಸುತ್ತದೆ. ಬೇಸಿಗೆಯಲ್ಲಿ ಯೂಟಾ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಅರಿಜೋನಾ ಇಡುವುದಿಲ್ಲ, ಅದೇ ಅರಿಜೋನಾದೊಳಗಿನ ನವಾಹೊ ನೇಷನ್ (ನವಾಹೊ ಮೂಲನಿವಾಸಿಗಳ ಸ್ವಯಮಾಡಳಿತದ ಪ್ರದೇಶ) ಮತ್ತೆ ಇಡುತ್ತದೆ. ಫೋನು ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಪೇಜ್ ಹತ್ತಿರದ ಇಕ್ಕಟ್ಟಾದ ಮರಳುಗಲ್ಲಿನ ಕಣಿವೆ ಆಂಟೆಲೋಪ್ ಕ್ಯಾನಿಯನ್‌ಗೆ ನವಾಹೊ ಮಾರ್ಗದರ್ಶಕರ ಜೊತೆಯಲ್ಲೇ, ಮೊದಲೇ ಕಾದಿರಿಸಿದ ಸಮಯಕ್ಕೇ ಹೋಗಬೇಕು. ಟಿಕೆಟ್ ಯಾವ ಸಮಯದಲ್ಲಿದೆ ಎಂದು ಓದಿ, ಫೋನನ್ನು ಕೈಯಾರೆ ಅರಿಜೋನಾದ ಫೀನಿಕ್ಸ್ ಸಮಯಕ್ಕೆ ಇಟ್ಟುಬಿಡಿ. ಲೋವರ್ ಕ್ಯಾನಿಯನ್‌ನಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲುಗಳಿವೆ, ಮಂಡಿನೋವಿದ್ದವರಿಗೆ ಬೇಡ. ಅಪ್ಪರ್‌ನ ಒಳಗೆ ನೆಲ ಸಮತಟ್ಟು, ಆದರೆ ಹೊರಬರುವ ದಾರಿಯಲ್ಲಿ ಮೆಟ್ಟಿಲುಂಟು.

ಈಗ ವಿದ್ಯುತ್. ಬಾಡಿಗೆ ಗಾಡಿಗಳು ಹೆಚ್ಚಾಗಿ 30 ಆಂಪ್‌ನವು. 120 ವೋಲ್ಟ್‌ಗೆ ಲೆಕ್ಕ ಹಾಕಿದರೆ ಒಟ್ಟು 3,600 ವ್ಯಾಟ್. ಎಸಿ ಸುಮಾರು 1,500 ತಿನ್ನುತ್ತದೆ, ಇಂಡಕ್ಷನ್ ಒಲೆ 1,800, ವಾಟರ್ ಹೀಟರ್‌ನ ವಿದ್ಯುತ್ ಕಾಯಿಲ್ 1,400ರ ಆಸುಪಾಸು. ಎಸಿ ಓಡುವಾಗ ಇಂಡಕ್ಷನ್ ಮೇಲೆ ಕುಕ್ಕರ್ ಇಟ್ಟು, ಯಾರೋ ಸ್ನಾನಕ್ಕೆ ಹೀಟರ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಹೀಟರನ್ನು ಗ್ಯಾಸಿಗೆ ಬದಲಿಸಿ, ಅಡುಗೆಯನ್ನೂ ಗ್ಯಾಸಿನ ಒಲೆಯಲ್ಲೇ ಮಾಡಿ. ವಿದ್ಯುತ್ತನ್ನು ಎಸಿಗೆ ಬಿಡಿ. ಸೈಟಿನ 50 ಆಂಪ್ ವಿದ್ಯುತ್ ಕಂಬಕ್ಕೆ ಅಡಾಪ್ಟರ್ ಹಾಕಿ ಚುಚ್ಚಿದರೂ ಗಾಡಿಯ ಮಿತಿ 30 ಆಂಪೇ. ಕಂಬದ ಬ್ರೇಕರ್ ಆಫ್ ಮಾಡಿ, ಸರ್ಜ್ ಪ್ರೊಟೆಕ್ಟರ್ ಮೂಲಕ ಪ್ಲಗ್ ಹಾಕಿ, ಆಮೇಲೆ ಬ್ರೇಕರ್ ಏರಿಸಿ. ಅದಕ್ಕೂ ಮೊದಲು ಗಾಡಿ ಸಮತಟ್ಟಾಗಿ ನಿಂತಿರಬೇಕು. ಗ್ಯಾಸಿನಲ್ಲೂ ಓಡುವ ಫ್ರಿಜ್‌ನಲ್ಲಿ ಅಮೋನಿಯಾ ದ್ರಾವಣ ತನ್ನ ತೂಕದಿಂದಲೇ ಕೆಳಗಿಳಿಯಬೇಕು. ಗಾಡಿ ವಾಲಿದ್ದರೆ ಅದು ಅಲ್ಲಲ್ಲೇ ನಿಂತು ತಂಪು ಹೋಗುತ್ತದೆ, ಘಟಕವೇ ಕೆಡಬಹುದು. ತಣ್ಣಗಾಗಲು ಇದಕ್ಕೆ ಇಡೀ ರಾತ್ರಿ ಬೇಕು, ಹಾಗಾಗಿ ಗಾಡಿ ಪಡೆಯುವಾಗಲೇ ಹಾಕಿರಲು ಹೇಳಿ. ದೋಸೆ ಹಿಟ್ಟಿನ ಡಬ್ಬ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕುತ್ತದೆ.

ನೀರಿಗೆ ಬಿಳಿ ಬಣ್ಣದ ಕುಡಿಯುವ ನೀರಿನ ಹೋಸನ್ನೇ ಬಳಸಿ. ನಲ್ಲಿಯ ಹತ್ತಿರ ಪ್ರೆಷರ್ ರೆಗ್ಯುಲೇಟರ್ ಸೇರಿಸಿ, 40–50 ಪಿಎಸ್‌ಐ ಸಾಕು. ಅದಿಲ್ಲದಿದ್ದರೆ ಒಳಗಿನ ಪ್ಲಾಸ್ಟಿಕ್ ಪೈಪಿನ ಜಾಯಿಂಟ್ ಬಿಚ್ಚಿಕೊಂಡು ನೆಲವೆಲ್ಲ ಒದ್ದೆ.

ಶೌಚದ ಮಾತು ಸಂಕೋಚ ಬಿಟ್ಟು ಆಡಬೇಕು, ಪ್ರವಾಸ ಕೆಡುವುದು ಇಲ್ಲೇ. ಶೌಚದ ನೀರು ಸೇರುವ ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ಹುಕಪ್ ಇದ್ದರೂ ಸದಾ ಮುಚ್ಚಿಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ತಳದಲ್ಲಿ ಗುಡ್ಡೆ ಕಟ್ಟುತ್ತದೆ. ನಮ್ಮ ಹಿರಿಯರು ಚೊಂಬಿನಲ್ಲಿ ನೀರು ಬಳಸುವುದು ಹುಕಪ್ ಇರುವಲ್ಲಿ ಟ್ಯಾಂಕಿಗೆ ಒಳ್ಳೆಯದೇ: ಎಲ್ಲ ಕರಗಿ ಸಲೀಸಾಗಿ ಹೊರಹೋಗುತ್ತದೆ. ಲೋನ್ ರಾಕ್‌ನಲ್ಲಾದರೆ ಅದೇ ನೀರು ಟ್ಯಾಂಕನ್ನು ಎರಡು ದಿನದಲ್ಲಿ ತುಂಬಿಸಬಹುದು. ಒದ್ದೆ ವೈಪ್ಸ್ ಮಾತ್ರ ಎಲ್ಲಿಯೂ ಹಾಕಬಾರದು. ಮೂರನೇ ಎರಡು ಭಾಗ ತುಂಬಿದಾಗ ಕೈಗವಸು ಹಾಕಿಕೊಂಡು ಮೊದಲು ಬ್ಲ್ಯಾಕ್ ಬಿಡಿ, ಮುಚ್ಚಿ, ಆಮೇಲೆ ಸ್ನಾನ–ಸಿಂಕಿನ ಗ್ರೇ ನೀರು ಬಿಡಿ, ಹೋಸು ತೊಳೆದಂತಾಗುತ್ತದೆ. ಸೂಚಕದ ದೀಪಗಳನ್ನು ಪೂರ್ತಿ ನಂಬಬೇಡಿ, ಒಳಗೆ ಕಾಗದ ಅಂಟಿಕೊಂಡರೆ ಖಾಲಿಯಿದ್ದರೂ ತುಂಬಿದೆ ಎನ್ನುತ್ತವೆ. ಸಾರು, ಗಂಜಿ, ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಈ ಬಿಸಿಲಿಗೆ ಗ್ರೇ ಟ್ಯಾಂಕ್ ಹುಳಿ ವಾಸನೆ ಹೊಡೆಯುತ್ತದೆ. ಪಾತ್ರೆಯನ್ನು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯಿರಿ.

ಒಗ್ಗರಣೆ ಹೊರಗೆ, ಪಿಕ್ನಿಕ್ ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆಯಲ್ಲಿ ಹಾಕಿ. ಒಣಮೆಣಸಿನ ಘಾಟಿಗೆ ಹೊಗೆ ಅಲಾರಂ ಕೂಗಿದರೆ ಕಿಟಕಿ ತೆರೆಯಿರಿ, ಬ್ಯಾಟರಿ ಕೀಳಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ವಿಷಯದಲ್ಲಂತೂ ರಾಜಿಯೇ ಬೇಡ. ಆ ಅನಿಲಕ್ಕೆ ವಾಸನೆಯಿಲ್ಲ. ಇದೇ ಜಲಾಶಯದಲ್ಲಿ ಹೌಸ್‌ಬೋಟ್ ಜನರೇಟರ್‌ಗಳ ಹೊಗೆಯಿಂದ ಜನ ಸತ್ತಿದ್ದಾರೆ. ಆರ್‌ವಿ ಜನರೇಟರ್ ಹಾಕಿ ಮಲಗಬೇಡಿ, ಎಂಜಿನ್ ಓಡುತ್ತಿರುವ ದೋಣಿಯ ಹಿಂದೆ ಮಕ್ಕಳನ್ನು ಈಜಲು ಬಿಡಬೇಡಿ. ದಂಡೆಯಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ, ನೆಲ ಕೆಲವೆಡೆ ಒಮ್ಮೆಗೇ ಆಳಕ್ಕೆ ಇಳಿಯುತ್ತದೆ. ದೋಣಿಯಲ್ಲಿ 12 ವರ್ಷದವರೆಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ, ನೀರಿಗಿಳಿಯುವಾಗಲೂ ಹಾಕಿಸಿ. ಗಾಳಿ ಎದ್ದಾಗ, ರಾತ್ರಿ ಮಲಗುವಾಗ, ಹೊರಗೆ ಸುತ್ತಲು ಹೋಗುವಾಗ ಆನಿಂಗ್ (ಗಾಡಿಯ ಬದಿಯಲ್ಲಿ ನೆರಳಿಗೆ ಚಾಚುವ ಬಟ್ಟೆ) ಮಡಚಿಡಿ. ಮುರಿದರೆ ದುಡ್ಡು ನಿಮ್ಮದೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ದೂರದ ಮಳೆಗೂ ಇಕ್ಕಟ್ಟಾದ ಕಣಿವೆಗಳಲ್ಲಿ ದಿಢೀರ್ ಪ್ರವಾಹ ಬರುತ್ತದೆ. ಆಕಾಶ ತಿಳಿಯಾಗಿದೆ ಎಂದು ಒಳಗೆ ನುಗ್ಗಬೇಡಿ.

ಎರಡು ಕುಟುಂಬ ಸೇರಿ ಹೋಗುವುದಾದರೆ ಒಂದು ಆರ್‌ವಿ, ಒಂದು ಕಾರು ಒಳ್ಳೆಯ ಜೋಡಿ. ಕೊಲರಾಡೋ ನದಿಯ ತಿರುವು ನೋಡುವ ಹಾರ್ಸ್‌ಶೂ ಬೆಂಡ್‌ಗೆ, ಅಂಗಡಿಗೆ ಹೋಗಲು ಪ್ರತಿ ಸಲ ಹೋಸು, ವೈರು ಬಿಚ್ಚುವ ಕೆಲಸ ತಪ್ಪುತ್ತದೆ. ಹಾರ್ಸ್‌ಶೂ ಬೆಂಡ್ ನಡಿಗೆ ಹೋಗಿ ಬರಲು ಸುಮಾರು ಒಂದೂವರೆ ಮೈಲಿ, ಬಿಸಿಲೇರುವ ಮೊದಲೇ ಮುಗಿಸಿ.

ಹೊರಡುವ ಬೆಳಿಗ್ಗೆ ಎರಡೂ ಟ್ಯಾಂಕ್ ವಾಹ್ವೀಪ್‌ನಲ್ಲೇ ಖಾಲಿ ಮಾಡಿ. ವೇಗಸ್‌ನಲ್ಲಿ ಗಾಡಿ ಹಿಂದಿರುಗಿಸುವ ಗಡಿಬಿಡಿಯಲ್ಲಿ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಹುಡುಕುವುದು ಕಷ್ಟ, ತುಂಬಿದ ಟ್ಯಾಂಕಿಗೆ ದಂಡ ಹಾಕುತ್ತಾರೆ. ಗಾಳಿ ತುಂಬುವ ಕಯಾಕ್, ಪ್ಯಾಡಲ್ ಬೋರ್ಡ್ ತಂದಿದ್ದರೆ ಕೆಸರು ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿಯೇ ಮಡಚಿ. ಈ ನೀರಿನಲ್ಲಿ ಕ್ವಾಗಾ ಎಂಬ ಸಣ್ಣ ಚಿಪ್ಪುಜೀವಿ ಸೇರಿಕೊಂಡಿದೆ, ಒದ್ದೆ ಸಾಮಾನಿನಲ್ಲಿ ಕುಳಿತು ಬೇರೆ ಕೆರೆಗೆ ದಾಟುತ್ತದೆ. ಕೊನೆಗೆ ಒಬ್ಬರೇ ಗಾಡಿಯನ್ನು ಪೂರ್ತಿ ಒಂದು ಸುತ್ತು ಬಂದು ವೈರು, ಹೋಸು, ಚರಂಡಿ ಪೈಪಿನ ಮುಚ್ಚಳ, ಮೆಟ್ಟಿಲು, ಆನಿಂಗ್, ಚಾವಣಿ ಕಿಂಡಿ, ಫ್ರಿಜ್ ಬಾಗಿಲಿನ ಚಿಲಕ ನೋಡಿ. ಪೆಟ್ರೋಲ್ ಹಾಕಿಸುವ ಮೊದಲು ಗ್ಯಾಸ್ ಸಿಲಿಂಡರಿನ ಕವಾಟ ಮುಚ್ಚಿ. ಗಾಡಿ ಒಪ್ಪಿಸುವಾಗ ಪೆಟ್ರೋಲ್, ಗ್ಯಾಸ್, ಮೈಲಿ, ಜನರೇಟರ್ ಗಂಟೆಯ ಮೀಟರು ನಾಲ್ಕರ ಫೋಟೋ ತೆಗೆದಿಟ್ಟುಕೊಳ್ಳಿ.